ಮರಗಳ ಆರೈಕೆ: ಹೊಸ ಉದ್ದಿಮೆಗೆ ಚಳಿಗಾಲದ ಕೆಲಸ

ಮರಕ್ಕೂ ರೋಗವುಂಟು, ಆ ರೋಗಕ್ಕೆ ಚಿಕಿತ್ಸೆಯೂ ಉಂಟು ಎಂಬ ತಿಳಿವಳಿಕೆ ಕನ್ನಡಕ್ಕೆ ಹೊಸದಲ್ಲ. ಕ್ರಿ.ಶ. 1025ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥದಲ್ಲಿ ಜ್ಯೋತಿಷ, ವಾಸ್ತು, ಪಾಕಶಾಸ್ತ್ರ ಮೊದಲಾದ ವಿಷಯಗಳ ಜೊತೆಗೆ ವೃಕ್ಷಾಯುರ್ವೇದಕ್ಕೂ ಒಂದು ಅಧ್ಯಾಯ ಮೀಸಲಾಗಿದೆ. ಅಂದು ತೋಟಗಾರನ ವಿದ್ಯೆಯಾಗಿದ್ದುದು ಇಂದು ಮಹಾನಗರಗಳಲ್ಲಿ ಹಗ್ಗ, ಸುರಕ್ಷಾ ಕವಚ ಮತ್ತು ಯಂತ್ರದ ಗರಗಸಗಳೊಡನೆ ಸ್ವಯಂ ಉದ್ಯೋಗದ ರೂಪ ತಾಳಿದೆ. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಗಳಂತಹ ಊರುಗಳಲ್ಲಿ ಕಟ್ಟಡಗಳ ನಡುವೆ ಬೆಳೆದು ನಿಂತಿರುವ ಮರಗಳನ್ನು ಸವರಲು, ಒಣಗಿದ ಕೊಂಬೆಗಳನ್ನು ಇಳಿಸಲು, ಬಿದ್ದ ಮರಗಳನ್ನು ತೆರವುಗೊಳಿಸಲು ನುರಿತ ಕೈಗಳು ಬೇಕಾಗಿವೆ.

ಈ ಉದ್ದಿಮೆಗೆ ಕೈಹಾಕುವ ಯುವಕರಿಗೆ ಮೊದಲ ವರ್ಷ ಎದುರಾಗುವ ದೊಡ್ಡ ತೊಡಕು ಬಂಡವಾಳದ್ದಲ್ಲ, ಋತುಮಾನದ್ದು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕರೆಗಳಿಗೆ ಉತ್ತರಿಸಲು ಪುರುಸೊತ್ತಿರುವುದಿಲ್ಲ. ಮಳೆಗಾಲದಲ್ಲಿ ಉರುಳಿದ ಮರಗಳ ಕೆಲಸ ದೊರೆಯುತ್ತದೆ. ಆದರೆ ದೀಪಾವಳಿ ಕಳೆಯುತ್ತಿದ್ದಂತೆ ಕರೆಗಳು ನಿಲ್ಲುತ್ತವೆ. ನವೆಂಬರಿನಿಂದ ಫೆಬ್ರವರಿಯವರೆಗಿನ ನಾಲ್ಕು ತಿಂಗಳು ಕೆಲಸಗಾರರಿಗೆ ಕೂಲಿ ಕೊಡಲಾಗದಿದ್ದರೆ ಅವರು ಬೇರೆ ದಾರಿ ಹಿಡಿಯುತ್ತಾರೆ. ಮಲೆನಾಡು ಮತ್ತು ಉತ್ತರ ಕನ್ನಡದಿಂದ ಬಂದ ಮರವೇರುವವರಿಗಂತೂ ಅದೇ ಕಾಲದಲ್ಲಿ ಊರಿನ ಅಡಿಕೆ ತೋಟಗಳ ಕೊನೆ ಕೊಯ್ಲು ಕಾದಿರುತ್ತದೆ. ಮತ್ತೆ ಏಪ್ರಿಲ್ ಬಂದಾಗ ಉದ್ಯಮಿಯು ಅನುಭವವಿಲ್ಲದವರನ್ನು ಮರವೇರಿಸಬೇಕಾಗುತ್ತದೆ; ಮೂವತ್ತು ಅಡಿ ಎತ್ತರದಲ್ಲಿ ಅನುಭವದ ಕೊರತೆಗೆ ತೆರಬೇಕಾದ ಬೆಲೆ ಒಮ್ಮೊಮ್ಮೆ ಪ್ರಾಣವೇ ಆಗಿರುತ್ತದೆ. ಆದ್ದರಿಂದ ಚಳಿಗಾಲದ ಕೆಲಸವನ್ನು ಹುಡುಕುವುದು ಲಾಭದ ಪ್ರಶ್ನೆ ಮಾತ್ರವಲ್ಲ, ಸುರಕ್ಷತೆಯ ಪ್ರಶ್ನೆಯೂ ಆಗಿದೆ.

ಊರಿಗೊಂದು ಋತುಮಾನ

ವೃಕ್ಷ ಚಿಕಿತ್ಸೆಯನ್ನು ಕುರಿತ ಇಂಗ್ಲಿಷ್ ಕೈಪಿಡಿಗಳು ಬಹುಪಾಲು ಬ್ರಿಟನ್ ಮತ್ತು ಅಮೆರಿಕದಲ್ಲಿ ರಚಿತವಾದವು. ಅಲ್ಲಿ ಚಳಿಗಾಲದಲ್ಲಿ ಅನೇಕ ಮರಗಳು ಎಲೆಯುದುರಿಸಿ ವಿಶ್ರಾಂತ ಸ್ಥಿತಿಯಲ್ಲಿರುತ್ತವೆ. ಹೆಚ್ಚಿನ ಹಕ್ಕಿಗಳು ಆಗ ಗೂಡು ಕಟ್ಟುವುದಿಲ್ಲ. ಹೀಗಾಗಿ ಕೊಂಬೆ ಕತ್ತರಿಸಲು ಚಳಿಗಾಲ ಪ್ರಶಸ್ತವೆಂದು ಆ ಕೈಪಿಡಿಗಳು ಹೇಳುತ್ತವೆ. ಈ ಮಾತನ್ನು ಭಾರತದ ನಗರಗಳಿಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ.

ಮುಂಬೈ ಮತ್ತು ಪುಣೆಗಳಲ್ಲಿ ಜೂನ್ ತಿಂಗಳಲ್ಲಿ ಬರುವ ನೈಋತ್ಯ ಮಾರುತವೇ ಕೆಲಸದ ಗಡುವನ್ನು ನಿಶ್ಚಯಿಸುತ್ತದೆ. ಮಳೆಗೆ ಮುಂಚೆ ಮರಗಳ ಭಾರ ಇಳಿಸಬೇಕೆಂಬ ಕಾರಣದಿಂದ ಎಲ್ಲರೂ ಒಮ್ಮೆಲೇ ಕೆಲಸಗಾರರನ್ನು ಅರಸುತ್ತಾರೆ. ಮಳೆ ನಿಂತೊಡನೆ ಮರಗಳನ್ನು ಮರೆಯುತ್ತಾರೆ. ಹೈದರಾಬಾದಿನಲ್ಲಿಯೂ ಚಳಿಗಾಲ ಬಹುತೇಕ ಒಣ ಕಾಲವೇ. ಚೆನ್ನೈಯ ಸ್ಥಿತಿ ಬೇರೆ. ಅಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ ಸುರಿಯುತ್ತದೆ. 2016ರ ಡಿಸೆಂಬರ್ 12ರಂದು ಅಪ್ಪಳಿಸಿದ ವರ್ದಾ ಚಂಡಮಾರುತವು ಆ ನಗರದಲ್ಲಿ ಸಾವಿರಾರು ಮರಗಳನ್ನು ಉರುಳಿಸಿತು. ಆದಕಾರಣ ಚೆನ್ನೈಯಲ್ಲಿ ಸವರುವ ಕೆಲಸ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಮುಗಿಯಬೇಕು. ಬಿಡುವಿನ ಕಾಲ ಜನವರಿಯ ನಂತರ ಬರುತ್ತದೆ.

ದೆಹಲಿಯಲ್ಲಿ ಇನ್ನೊಂದು ಬಗೆಯ ಬೇಡಿಕೆಯಿದೆ. ಡಿಸೆಂಬರ್ ಮತ್ತು ಜನವರಿಯ ಕೊರೆಯುವ ಚಳಿಯಲ್ಲಿ ಮನೆಯೊಳಗೆ ಬಿಸಿಲು ಬೀಳಲೆಂದು ನಿವಾಸಿಗಳು ಕೊಂಬೆ ಸವರಲು ಕೇಳುತ್ತಾರೆ. ಬೇಡಿಕೆ ಇದೆಯೆಂದ ಮಾತ್ರಕ್ಕೆ ಕೆಲಸ ಒಪ್ಪಿಕೊಳ್ಳುವಂತಿಲ್ಲ. 1994ರ ದೆಹಲಿ ಮರಗಳ ಸಂರಕ್ಷಣಾ ಅಧಿನಿಯಮದಲ್ಲಿ ‘ಮರ ಕಡಿಯುವುದು’ ಎಂಬುದರ ಅರ್ಥದೊಳಗೆ ಕೊಂಬೆ ಕಡಿಯುವುದೂ ತಲೆ ಸವರುವುದೂ ಸೇರಿವೆ. 15.7 ಸೆಂಟಿಮೀಟರ್‌ವರೆಗೆ ಸುತ್ತಳತೆಯುಳ್ಳ ಕೊಂಬೆಗಳನ್ನು ಪ್ರತ್ಯೇಕ ಅನುಮತಿಯಿಲ್ಲದೆ ಸವರಲು ಅವಕಾಶ ನೀಡಿದ್ದ ಮಾರ್ಗಸೂಚಿಯನ್ನು ದೆಹಲಿ ಉಚ್ಚ ನ್ಯಾಯಾಲಯವು 2023ರಲ್ಲಿ ರದ್ದುಪಡಿಸಿತು. ವೃಕ್ಷಾಧಿಕಾರಿಯ ಲಿಖಿತ ಅನುಮತಿಯ ಪ್ರತಿಯನ್ನು ಕಣ್ಣಾರೆ ಕಂಡ ಮೇಲೆಯೇ ಗರಗಸ ಎತ್ತುವುದು ಉದ್ಯಮಿಗೆ ಕ್ಷೇಮಕರ.

ಬಿಡುವಿನ ಕಾಲದಲ್ಲಿ ಒಪ್ಪಬಾರದ ಕೆಲಸಗಳು

ಕೈಯಲ್ಲಿ ಕೆಲಸವಿಲ್ಲದಾಗ ಬಂದುದನ್ನೆಲ್ಲ ಒಪ್ಪಿಕೊಳ್ಳುವ ಆಸೆ ಸಹಜ. ಹೊಸ ಉದ್ದಿಮೆಯ ಹೆಸರು ಕೆಡುವುದು ಬಹುಮಟ್ಟಿಗೆ ಇಂತಹ ಸಮಯದಲ್ಲಿಯೇ.

ಮೊದಲನೆಯದು, ಮರದ ತಲೆಯನ್ನು ಪೂರ್ತಿಯಾಗಿ ಬೋಳಿಸುವ ಕೆಲಸ. ಹೀಗೆ ಬೋಳಿಸಿದ ಮರವು ತನ್ನ ಆಹಾರವನ್ನು ತಯಾರಿಸುವ ಎಲೆಗಳನ್ನೇ ಕಳೆದುಕೊಂಡು, ಕತ್ತರಿಸಿದ ಜಾಗದ ಸುತ್ತ ದಟ್ಟವಾಗಿ ಚಿಗುರುತ್ತದೆ. ಆ ಚಿಗುರುಗಳ ಹಿಡಿತ ಮೇಲುಮೇಲಿನದು. ಎರಡು ಮೂರು ವರ್ಷಗಳಲ್ಲಿ ಅವು ದಪ್ಪನಾಗಿ ಗಾಳಿಗೆ ಸಿಗಿದು ಬೀಳುತ್ತವೆ. ಅಪಾಯವನ್ನು ನೀಗಲೆಂದು ಮಾಡಿದ ಕೆಲಸ ಅಪಾಯವನ್ನೇ ಬೆಳೆಸಿದಂತಾಗುತ್ತದೆ. ಒಂದು ವರ್ಷದಲ್ಲಿ ಹಸಿರು ಭಾಗದ ಕಾಲುಪಾಲಿಗಿಂತ ಹೆಚ್ಚನ್ನು ತೆಗೆಯಬಾರದೆಂಬುದು ಸಾಮಾನ್ಯ ನಿಯಮ.

ಎರಡನೆಯದು, ಚಳಿಗಾಲದಲ್ಲಿ ಮಾವಿನ ಮರವನ್ನು ಸವರುವುದು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಮಾವು ಹೂ ಬಿಡುವ ಕಾಲ. ಆಗ ಕೊಂಬೆ ಕತ್ತರಿಸಿದರೆ ಆ ವರ್ಷದ ಫಸಲನ್ನೇ ಕತ್ತರಿಸಿದಂತೆ. ಮಾವನ್ನು ಸವರಲು ಹಣ್ಣು ಕೊಯ್ದ ನಂತರದ ಕಾಲವೇ ಸೂಕ್ತ.

ಮೂರನೆಯದು, ಗೂಡುಗಳಿರುವ ಮರದ ಕೆಲಸ. ಹದ್ದುಗಳು ನಗರದ ಎತ್ತರದ ಮರಗಳಲ್ಲಿ ಚಳಿಗಾಲದಲ್ಲಿಯೇ ಗೂಡು ಕಟ್ಟುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಲ್ಲಿ ಬೇಟೆಯೆಂಬುದರ ವ್ಯಾಖ್ಯೆಯು ಕಾಡುಹಕ್ಕಿಗಳ ಮೊಟ್ಟೆ ಮತ್ತು ಗೂಡುಗಳಿಗೆ ತೊಂದರೆ ಕೊಡುವುದನ್ನೂ ಒಳಗೊಂಡಿದೆ. ಮರವೇರುವ ಮೊದಲು ನೆಲದಿಂದಲೇ ಎಲ್ಲ ಕವಲುಗಳನ್ನು ಗಮನಿಸಿ, ಗೂಡು ಕಂಡರೆ ಕೆಲಸವನ್ನು ಮುಂದೂಡಬೇಕು.

ನಾಲ್ಕನೆಯದು, ಪೊಟರೆಗಳಿಗೆ ಸಿಮೆಂಟು ತುಂಬುವುದು ಮತ್ತು ಗಾಯಗಳಿಗೆ ಬಣ್ಣ ಬಳಿಯುವುದು. ಹಿಂದೆ ಇದೇ ಚಿಕಿತ್ಸೆಯೆಂದು ನಂಬಲಾಗಿತ್ತು. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶಿಗೊ ಅವರು ಅಸಂಖ್ಯ ಮರಗಳನ್ನು ಸೀಳಿ ಪರಿಶೀಲಿಸಿ, ಮರವು ಕೊಳೆತ ಭಾಗದ ಸುತ್ತ ತಾನೇ ತಡೆಗೋಡೆಗಳನ್ನು ನಿರ್ಮಿಸಿಕೊಳ್ಳುತ್ತದೆ ಎಂಬ ವಿವರಣೆಯನ್ನು 1977ರಲ್ಲಿ ಮಂಡಿಸಿದರು. ಆ ಬಳಿಕ ಸಿಮೆಂಟು ತುಂಬುವ ಪದ್ಧತಿ ಹಿಂದೆ ಸರಿದಿದೆ. ಗಟ್ಟಿ ಸಿಮೆಂಟು ಗಾಳಿಯಲ್ಲಿ ತೂಗುವ ಮರದೊಡನೆ ತೂಗದು. ಅದರ ಸಂದಿಯಲ್ಲಿ ನಿಂತ ತೇವ ಕೊಳೆತವನ್ನು ಹೆಚ್ಚಿಸುತ್ತದೆ. ಗಿರಾಕಿಯೇ ಕೇಳಿದರೂ ಉದ್ಯಮಿಯು ಇದನ್ನು ತಿಳಿಯಹೇಳಿ ನಿರಾಕರಿಸುವುದು ಉಚಿತ.

ಕಟ್ಟಿಗೆಯ ಆಸೆಗಾಗಿ ಬದುಕಿರುವ ಮರವನ್ನು ಕಡಿಯುವ ಮಾತಂತೂ ದೂರವಿರಲಿ. ಮಹಾರಾಷ್ಟ್ರದ ನಗರ ಪ್ರದೇಶಗಳಿಗೆ 1975ರ ಮರಗಳ ಸಂರಕ್ಷಣಾ ಅಧಿನಿಯಮ, ಕರ್ನಾಟಕಕ್ಕೆ 1976ರ ಅಧಿನಿಯಮ, ತೆಲಂಗಾಣಕ್ಕೆ ಅವಿಭಜಿತ ಆಂಧ್ರ ಪ್ರದೇಶದ ಕಾಲದಲ್ಲಿ ಬಂದ 2002ರ ಜಲ, ಭೂಮಿ ಮತ್ತು ಮರಗಳ ಅಧಿನಿಯಮ ಅನ್ವಯವಾಗುತ್ತವೆ. ಮಹಾರಾಷ್ಟ್ರದಲ್ಲಿ 2021ರ ತಿದ್ದುಪಡಿಯು 50 ವರ್ಷ ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನ ಮರಗಳನ್ನು ಪಾರಂಪರಿಕ ಮರಗಳೆಂದು ಪರಿಗಣಿಸಿದೆ.

ಮೊದಲ ಕೆಲಸ: ಮರಗಳ ಪರೀಕ್ಷೆ

ಹಾಗಾದರೆ ಚಳಿಗಾಲದಲ್ಲಿ ಮಾಡಬಹುದಾದ ಕೆಲಸ ಯಾವುದು? ಬೇಸಿಗೆಯ ಕೆಲಸ ಕೈಯದಾದರೆ ಚಳಿಗಾಲದ ಕೆಲಸ ಕಣ್ಣಿನದು. ಮರಗಳನ್ನು ಒಂದೊಂದಾಗಿ ಪರೀಕ್ಷಿಸಿ ಲಿಖಿತ ವರದಿ ನೀಡುವುದೇ ಈ ಕಾಲದ ಮುಖ್ಯ ಸೇವೆ.

2017ರ ಜುಲೈ ತಿಂಗಳಲ್ಲಿ ಮುಂಬೈಯ ಚೆಂಬೂರಿನಲ್ಲಿ ತೆಂಗಿನ ಮರವೊಂದು ಮುರಿದುಬಿದ್ದು, ದಾರಿಯಲ್ಲಿ ನಡೆದುಹೋಗುತ್ತಿದ್ದ ಮಹಿಳೆಯೊಬ್ಬರು ಮೃತಪಟ್ಟರು. ಮಳೆಗಾಲದಲ್ಲಿ ಇಂತಹ ಸುದ್ದಿಗಳು ಮರಮರಳಿ ಬರುತ್ತವೆ. ಪ್ರತಿ ಬಾರಿಯೂ ಕೇಳಿಬರುವ ಪ್ರಶ್ನೆಗಳು ಒಂದೇ: ಆ ಮರವನ್ನು ಬಲ್ಲವರು ನೋಡಿದ್ದರೇ? ಯಾವಾಗ ನೋಡಿದ್ದರು? ಏನೆಂದು ಬರೆದಿದ್ದರು? ಮೇ ತಿಂಗಳ ಗಡಿಬಿಡಿಯಲ್ಲಿ ಈ ಪ್ರಶ್ನೆಗಳಿಗೆ ಸಮಾಧಾನದಿಂದ ಉತ್ತರ ಸಿದ್ಧಪಡಿಸಲು ಯಾರಿಗೂ ಸಮಯವಿರುವುದಿಲ್ಲ. ಡಿಸೆಂಬರಿನಲ್ಲಿ ಇರುತ್ತದೆ.

ಪರೀಕ್ಷೆಗೆ ದುಬಾರಿ ಉಪಕರಣಗಳು ಬೇಕಿಲ್ಲ. ಅಳತೆಯ ಪಟ್ಟಿ, ದುರ್ಬೀನು, ಮರದ ಕೊಡತಿ, ಉದ್ದನೆಯ ಕಬ್ಬಿಣದ ಸಲಾಕೆ, ಛಾಯಾಚಿತ್ರ ತೆಗೆಯುವ ದೂರವಾಣಿ ಇವಿಷ್ಟು ಸಾಕು. ಬುಡದಿಂದ ಆರಂಭಿಸಿ ಮೇಲಕ್ಕೆ ನೋಡುತ್ತ ಹೋಗಬೇಕು. ಬುಡದಲ್ಲಿ ಮಣ್ಣು ಬಿರುಕುಬಿಟ್ಟು ಒಂದು ಕಡೆ ಉಬ್ಬಿದ್ದರೆ ಬೇರು ಸಡಿಲವಾಗಿದೆ ಎಂದು ಶಂಕಿಸಬೇಕು. ಬುಡದ ಸುತ್ತ ಅಥವಾ ಕಾಂಡದ ಮೇಲೆ ಅಣಬೆಗಳು ಮೂಡಿದ್ದರೆ ಒಳಗೆ ಕೊಳೆತವಿದೆ. ಕೊಡತಿಯಿಂದ ಮೆಲ್ಲನೆ ತಟ್ಟಿದಾಗ ಡೊಳ್ಳು ಸದ್ದು ಬಂದ ಭಾಗ ಟೊಳ್ಳಾಗಿರಬಹುದು. ಎರಡು ಸಮಾನ ಕವಲುಗಳು ಇಕ್ಕಟ್ಟಾದ ಕೋನದಲ್ಲಿ ಸೇರಿ ನಡುವೆ ತೊಗಟೆ ಸಿಕ್ಕಿಕೊಂಡಿದ್ದರೆ ಆ ಸೇರುವೆ ದುರ್ಬಲ. ಬಹುಕಾಲದಿಂದ ಓರೆಯಾಗಿಯೇ ಬೆಳೆದ ಮರಕ್ಕಿಂತ ಇತ್ತೀಚೆಗೆ ವಾಲಿದ ಮರ ಹೆಚ್ಚು ಅಪಾಯಕಾರಿ. ಗುಲ್‌ಮೊಹರಿನಂತಹ ಮೆದು ಮರದ ಜಾತಿಗಳನ್ನೂ, ರಸ್ತೆ ಅಗೆತದಲ್ಲಿ ಬೇರು ಕಡಿಸಿಕೊಂಡ ಮರಗಳನ್ನೂ ವಿಶೇಷ ಗಮನವಿಟ್ಟು ನೋಡತಕ್ಕದ್ದು.

ವರದಿ ಸರಳವಾಗಿರಲಿ. ಪ್ರತಿ ಮರಕ್ಕೆ ಒಂದು ಸಂಖ್ಯೆ, ಜಾತಿ, ಕಾಂಡದ ಸುತ್ತಳತೆ, ಕಂಡುಬಂದ ದೋಷ, ಛಾಯಾಚಿತ್ರ, ಸಲಹೆ, ದಿನಾಂಕ ಇರಬೇಕು. ಸಲಹೆಯನ್ನು ಮೂರು ದರ್ಜೆಗಳಲ್ಲಿ ಹೇಳಬಹುದು: ಕೂಡಲೇ ಗಮನ ಬೇಕಾದವು, ಮಳೆಗೆ ಮುಂಚೆ ಸವರಬೇಕಾದವು, ಸದ್ಯಕ್ಕೆ ಏನೂ ಬೇಡವಾದವು. ಈ ಮೂರನೆಯ ದರ್ಜೆಯೇ ಉದ್ಯಮಿಯ ಪ್ರಾಮಾಣಿಕತೆಗೆ ಒರೆಗಲ್ಲು. ನಲವತ್ತು ಮರಗಳಲ್ಲಿ ಮೂವತ್ತಕ್ಕೆ ಏನೂ ಮಾಡಬೇಕಾಗಿಲ್ಲವೆಂದು ಬರೆದುಕೊಟ್ಟವನ ಮಾತನ್ನು ಉಳಿದ ಹತ್ತರ ವಿಷಯದಲ್ಲಿ ಜನರು ನಂಬುತ್ತಾರೆ.

ಈ ವರದಿಯೇ ಬೇಸಿಗೆಯ ಕೆಲಸಕ್ಕೆ ಬೀಜ. ಜನವರಿಯಲ್ಲಿ ವರದಿ ಕೈಸೇರಿದರೆ ಹೌಸಿಂಗ್ ಸೊಸೈಟಿಯು ಮಹಾನಗರ ಪಾಲಿಕೆಯ ವಾರ್ಡ್ ಕಚೇರಿಗೆ ಫೆಬ್ರವರಿಯಲ್ಲಿ ಅರ್ಜಿ ಸಲ್ಲಿಸಬಹುದು. ಅಧಿಕಾರಿಗಳ ತಪಾಸಣೆ ನಡೆದು ಅನುಮತಿ ಬರುವ ವೇಳೆಗೆ ಮಾರ್ಚ್ ಅಥವಾ ಏಪ್ರಿಲ್ ಆಗುತ್ತದೆ. ಹೀಗೆ ಚಳಿಗಾಲದಲ್ಲಿ ಮರಗಳನ್ನು ನೋಡಿದವನಿಗೆ ಬೇಸಿಗೆಯಲ್ಲಿ ಕೆಲಸ ತಾನಾಗಿಯೇ ಬರುತ್ತದೆ. ಕೊನೆಗಳಿಗೆಯಲ್ಲಿ ಅನುಮತಿಗಾಗಿ ಅಲೆಯುವ ಪ್ರಸಂಗವೂ ತಪ್ಪುತ್ತದೆ.

ಎರಡನೆಯ ಕೆಲಸ: ಎಳೆಯ ಮರಗಳು ಮತ್ತು ಬುಡದ ಆರೈಕೆ

1950ರಲ್ಲಿ ಕೆ. ಎಂ. ಮುನ್ಷಿ ಅವರು ಆರಂಭಿಸಿದ ವನಮಹೋತ್ಸವದ ಪರಂಪರೆಯಂತೆ ಪ್ರತಿ ಜುಲೈಯಲ್ಲಿ ಶಾಲೆ, ಕಾರ್ಖಾನೆ, ಬಡಾವಣೆಗಳಲ್ಲಿ ಸಸಿಗಳನ್ನು ನೆಡಲಾಗುತ್ತದೆ. ನೆಟ್ಟ ದಿನ ನೆರೆದವರು ಚಳಿಗಾಲದಲ್ಲಿ ಸಸಿಯ ಬಳಿ ಸುಳಿಯುವುದು ವಿರಳ. ಮಳೆ ನಿಂತ ಮೇಲೆ ಸಸಿಗೆ ಪಾತಿ ಮಾಡಿ ನೀರು ಕಟ್ಟಬೇಕು, ಒಣಗಿದ ಎಲೆಗಳ ಹೊದಿಕೆ ಹರಡಬೇಕು, ಆಧಾರದ ಕೋಲಿಗೆ ಬಿಗಿದ ದಾರವನ್ನು ಸಡಿಲಿಸಬೇಕು. ಕೆಲವು ವರ್ಷಗಳ ಹಿಂದೆ ನೆಟ್ಟ ಮರಗಳ ಸುತ್ತ ಉಳಿದುಹೋದ ಕಬ್ಬಿಣದ ಪಂಜರಗಳು ದಪ್ಪನಾಗುತ್ತಿರುವ ಕಾಂಡದೊಳಕ್ಕೆ ಇಳಿಯುತ್ತವೆ. ಅವನ್ನು ಗಾಯವಾಗದಂತೆ ಕತ್ತರಿಸಿ ತೆಗೆಯಬೇಕು. ಎಳೆಯ ಮರದಲ್ಲಿ ಹೆಬ್ಬೆರಳಿನ ಗಾತ್ರದ ಕವಲನ್ನು, ಅನುಮತಿ ಬೇಕಾದೆಡೆ ಅನುಮತಿ ಪಡೆದು, ಕೈಕತ್ತರಿಯಿಂದ ತಿದ್ದಿದರೆ ಇಪ್ಪತ್ತು ವರ್ಷಗಳ ನಂತರ ಅದೇ ಕವಲನ್ನು ಕ್ರೇನು ತರಿಸಿ ಇಳಿಸುವ ಖರ್ಚು ಉಳಿಯುತ್ತದೆ.

ಬೆಳೆದ ಮರಗಳ ಬುಡದಲ್ಲಿಯೂ ಕೆಲಸವಿದೆ. ಕಾಲುದಾರಿಯ ಸಿಮೆಂಟು ಕಾಂಡಕ್ಕೆ ತಾಗಿದ್ದರೆ ನೀರು ಮತ್ತು ಗಾಳಿ ಬೇರಿಗೆ ಇಳಿಯುವುದಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2013ರಲ್ಲಿ ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಅಂತರದಲ್ಲಿದ್ದ ಕಾಂಕ್ರೀಟನ್ನು ತೆಗೆಯಬೇಕೆಂದೂ, ಮರಗಳಿಗೆ ಬಡಿದ ಫಲಕ ಮತ್ತು ತಂತಿಗಳನ್ನು ತೆರವುಗೊಳಿಸಬೇಕೆಂದೂ ಆದೇಶಿಸಿತು. ಬೇರಿಗೆ ಪೆಟ್ಟಾಗದಂತೆ ಕೈಯುಳಿಯಿಂದ ಸಿಮೆಂಟು ಬಿಡಿಸುವುದು, ಮೊಳೆ ಕೀಳುವುದು, ಬಿಗಿದ ತಂತಿ ಕತ್ತರಿಸುವುದು ಮರವೇರದೆಯೇ ಮಾಡಬಹುದಾದ ಕೆಲಸಗಳು. ತಂಡದಲ್ಲಿ ಹೊಸದಾಗಿ ಸೇರಿದವರಿಗೆ ಇವು ತಕ್ಕ ಪಾಠವೂ ಹೌದು. ಕಾಲುದಾರಿಯು ಸಾರ್ವಜನಿಕವಾಗಿದ್ದರೆ ಪಾಲಿಕೆಯ ಒಪ್ಪಿಗೆಯಿಲ್ಲದೆ ಅಲ್ಲಿ ಅಗೆಯಬಾರದು.

ಚಳಿಗಾಲದ ಕೊನೆಗೆ ತರಗೆಲೆಗಳ ರಾಶಿ ಬೀಳುತ್ತದೆ. ಅದನ್ನು ಸುಡುವುದಕ್ಕೆ ದೆಹಲಿ ಪ್ರದೇಶದಲ್ಲಿ 5,000 ರೂಪಾಯಿ ದಂಡವನ್ನು ನ್ಯಾಯಾಧಿಕರಣವು 2015ರಲ್ಲಿ ಗೊತ್ತುಪಡಿಸಿತು. ಎಲೆಗಳನ್ನು ಗುಂಡಿ ಅಥವಾ ಜಾಲರಿಯ ಪಂಜರದಲ್ಲಿ ತುಂಬಿ ತೇವವಿಟ್ಟು ಗೊಬ್ಬರ ಮಾಡಿಕೊಡುವ ಸೇವೆಯನ್ನು ಸೊಸೈಟಿಗಳು ಮತ್ತು ಶಾಲೆಗಳು ಸ್ವಾಗತಿಸುತ್ತವೆ.

ತೆಂಗಿನ ಮರಗಳು

ಕರಾವಳಿಯ ನಗರಗಳಲ್ಲಿ ತೆಂಗಿನ ಮರವೇರುವವರಿಗೆ ವರ್ಷವಿಡೀ ಕೆಲಸವಿದೆ. ಒಣಗಿದ ಗರಿ ಮತ್ತು ಬಲಿತ ಕಾಯಿಗಳನ್ನು ಇಳಿಸಲು ಮೇ ತಿಂಗಳವರೆಗೆ ಕಾಯಬೇಕಾಗಿಲ್ಲ. ಕಾರುಗಳು ನಿಲ್ಲುವ, ಮಕ್ಕಳು ಆಡುವ ಜಾಗಗಳಲ್ಲಿ ಇದು ಕೆಲವು ತಿಂಗಳಿಗೊಮ್ಮೆ ಆಗಬೇಕಾದ ಕೆಲಸ. ಹಸಿರು ಗರಿಗಳನ್ನು ಅಂದಕ್ಕಾಗಿ ಕಡಿಯಬಾರದು. ಕಡಿದ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ಹಸಿರು ಗರಿ ತೆಗೆಯುವುದು ಅನಿವಾರ್ಯವಾದರೆ ಕಾಂಡದಿಂದ ಸುಮಾರು 120 ಸೆಂಟಿಮೀಟರ್ ದೂರದಲ್ಲಿ ಕತ್ತರಿಸಿ ಮಟ್ಟೆಯನ್ನು ಉಳಿಸಬೇಕೆಂಬುದು ಕೃಷಿ ತಜ್ಞರ ಸಲಹೆ. ಬುಡದಲ್ಲಿ ಕೆಂಗಂದು ಅಂಟುದ್ರವ ಸೋರುತ್ತಿದ್ದರೆ ಅಣಬೆ ರೋಗವಿರಬಹುದು. ಅಂತಹ ಮರವನ್ನು ಏರದೆ, ವರದಿಯಲ್ಲಿ ಮೊದಲ ದರ್ಜೆಗೆ ಸೇರಿಸಬೇಕು.

ತೆಂಗಿನ ಮರವೇರುವ ಯಂತ್ರದ ಬಳಕೆಯನ್ನು ಯುವಕರಿಗೆ ಕಲಿಸಲು ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ಅರ್ಥದ ಹೆಸರಿನ ತರಬೇತಿಯನ್ನು ಆರಂಭಿಸಿತು. ಮರವೇರುವವರಿಗಾಗಿ ‘ಕೇರ ಸುರಕ್ಷಾ’ ಎಂಬ ವಿಮಾ ಯೋಜನೆಯನ್ನೂ ಮಂಡಳಿ ರೂಪಿಸಿದೆ.

ಹಳೆಯ ಮರಗಳ ಚಿಕಿತ್ಸೆ

ಹೈದರಾಬಾದಿನಿಂದ ದಕ್ಷಿಣಕ್ಕಿರುವ ಮಹಬೂಬ್‌ನಗರದ ಬಳಿ ‘ಪಿಲ್ಲಲಮರ್ರಿ’ ಎಂಬ ಆಲದ ಮರವಿದೆ. ಸುಮಾರು 700 ವರ್ಷ ಹಳೆಯದೆಂದು ಹೇಳಲಾಗುವ ಈ ಮರಕ್ಕೆ ಗೆದ್ದಲು ಹಿಡಿದು ಕೊಂಬೆ ಮುರಿದಾಗ, 2017ರ ಡಿಸೆಂಬರಿನಲ್ಲಿ ಅಲ್ಲಿಗೆ ಸಾರ್ವಜನಿಕ ಪ್ರವೇಶವನ್ನು ನಿಲ್ಲಿಸಲಾಯಿತು. ಮರುವರ್ಷ ಅರಣ್ಯಾಧಿಕಾರಿಗಳು ಆಸ್ಪತ್ರೆಯಲ್ಲಿ ರೋಗಿಗೆ ಹನಿಹನಿಯಾಗಿ ಔಷಧ ಕೊಡುವಂತೆ ನೂರಾರು ಬಾಟಲಿಗಳನ್ನು ಕೊಂಬೆಗಳಿಗೆ ತೂಗುಹಾಕಿ ತಿಳಿಗೊಳಿಸಿದ ಕೀಟನಾಶಕವನ್ನು ಉಣಿಸಿದರು. ಭಾರದ ಕೊಂಬೆಗಳಿಗೆ ಕಂಬಗಳ ಆಸರೆ ಕೊಟ್ಟರು. ಈ ಚಿಕಿತ್ಸೆಯಲ್ಲಿ ಕೊಡಲಿಗೆ ಪ್ರಧಾನ ಸ್ಥಾನವಿರಲಿಲ್ಲ ಎಂಬುದು ಗಮನಾರ್ಹ.

ದೇವಸ್ಥಾನದ ಅರಳಿಕಟ್ಟೆ, ಹಳೆಯ ಶಾಲೆಯ ಅಂಗಳ, ಕಂಪೆನಿಯ ಆವರಣಗಳಲ್ಲಿ ಇಂತಹ ಹಿರಿಯ ಮರಗಳಿರುತ್ತವೆ. ಆಸರೆ ಕಟ್ಟುವುದು, ಬಿಳಲುಗಳನ್ನು ಬಿದಿರಿನ ಕೊಳವೆಯ ಮೂಲಕ ನೆಲಕ್ಕೆ ತಲುಪಿಸುವುದು, ಗೆದ್ದಲಿನ ಮಣ್ಣು ತೆಗೆಯುವುದು ಸಾವಧಾನದಿಂದ ಮಾಡಬೇಕಾದ ಒಣ ಕಾಲದ ಕೆಲಸಗಳು. ಕೀಟನಾಶಕವನ್ನು ಮಾತ್ರ ಕೃಷಿ ಅಥವಾ ಅರಣ್ಯ ತಜ್ಞರ ಸಲಹೆಯಿಲ್ಲದೆ ಬಳಸಬಾರದು.

ಕೆಲಸ ಕೇಳುವುದೆಲ್ಲಿ?

ಮಹಾರಾಷ್ಟ್ರದಲ್ಲಿ ಸಹಕಾರಿ ಸೊಸೈಟಿಗಳ ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ದೊಡ್ಡ ವೆಚ್ಚಗಳು ಅಲ್ಲಿಯೇ ತೀರ್ಮಾನವಾಗುವುದರಿಂದ ಆಗಸ್ಟಿನಲ್ಲಿಯೇ ಪ್ರಸ್ತಾವ ಕಳುಹಿಸುವುದು ಉತ್ತಮ. ಆ ಗಡುವು ಮೀರಿದ್ದರೆ ವ್ಯವಸ್ಥಾಪಕ ಸಮಿತಿಯ ಮುಂದೆ ಪರೀಕ್ಷೆ ಮತ್ತು ವರದಿಯಂತಹ ಕಡಿಮೆ ವೆಚ್ಚದ ಸೇವೆಯನ್ನು ಇಡಬಹುದು. ಸರ್ಕಾರಿ ಕಚೇರಿಗಳ ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಜನವರಿಯಿಂದಲೇ ಅವುಗಳ ಟೆಂಡರುಗಳನ್ನು ಗಮನಿಸುತ್ತಿರಬೇಕು. ಶಾಲೆಗಳಿಗೆ ದೀಪಾವಳಿ ಮತ್ತು ಕ್ರಿಸ್‌ಮಸ್ ರಜೆಗಳಲ್ಲಿ ಮಕ್ಕಳಿಲ್ಲದ ಆವರಣ ದೊರೆಯುತ್ತದೆ. ಹೊರನಾಡ ಕನ್ನಡಿಗರಿಗೆ ಇನ್ನೊಂದು ಅನುಕೂಲವುಂಟು. ಕನ್ನಡ ಸಂಘಗಳು, ಉಡುಪಿ ಹೋಟೆಲುಗಳು, ಸಮಾಜದ ಶಾಲೆಗಳು ಮತ್ತು ದೇವಸ್ಥಾನಗಳು ಮೊದಲ ಪರಿಚಯಕ್ಕೆ ನೆರವಾಗುತ್ತವೆ. ಒಂದು ಆವರಣದಲ್ಲಿ ಮಾಡಿದ ಅಚ್ಚುಕಟ್ಟಾದ ಕೆಲಸವೇ ಪಕ್ಕದ ಆವರಣಕ್ಕೆ ಶಿಫಾರಸು.

ನಾಲ್ಕು ತಿಂಗಳ ಲೆಕ್ಕ

ವಿಷಯ ಸ್ಪಷ್ಟವಾಗಲೆಂದು ಒಂದು ಕಾಲ್ಪನಿಕ ಲೆಕ್ಕವನ್ನು ಇಲ್ಲಿ ಕೊಡಲಾಗಿದೆ. ನಾಲ್ವರು ಕೆಲಸಗಾರರ ತಂಡಕ್ಕೆ ಕೂಲಿ, ಬಾಡಿಗೆ, ಸಾಲದ ಕಂತು ಸೇರಿ ತಿಂಗಳಿಗೆ 1,00,000 ರೂಪಾಯಿ ಖರ್ಚು ಎಂದಿರಲಿ. ನಾಲ್ಕು ತಿಂಗಳಿಗೆ 4,00,000 ರೂಪಾಯಿ ಬೇಕು. ವರ್ಷಕ್ಕೆ 54,000 ರೂಪಾಯಿಯ ನಿರ್ವಹಣಾ ಒಪ್ಪಂದವನ್ನು ತಿಂಗಳಿಗೆ 4,500ರಂತೆ ಪಾವತಿಸುವ ಮೂರು ಸೊಸೈಟಿಗಳು ದೊರೆತರೆ ಈ ಅವಧಿಯಲ್ಲಿ 54,000 ರೂಪಾಯಿ ಬರುತ್ತದೆ. ಹನ್ನೆರಡು ಆವರಣಗಳ ಪರೀಕ್ಷೆಗೆ ತಲಾ 5,000ದಂತೆ 60,000, ಬುಡದ ಆರೈಕೆ ಮತ್ತು ತೆಂಗಿನ ಕೆಲಸಗಳಿಂದ 1,00,000 ದೊರೆತರೆ ಒಟ್ಟು 2,14,000. ಉಳಿದ ಕೊರತೆ 1,86,000 ರೂಪಾಯಿ. ಇದನ್ನು ಮಾರ್ಚ್, ಏಪ್ರಿಲ್, ಮೇ ತಿಂಗಳುಗಳ ಗಳಿಕೆಯಿಂದ ತಿಂಗಳಿಗೆ 62,000ದಂತೆ ಬೇರೆ ಖಾತೆಯಲ್ಲಿ ತೆಗೆದಿರಿಸಿರಬೇಕು. ಒಪ್ಪಂದಗಳು ಹತ್ತಕ್ಕೇರಿದ ವರ್ಷ ಕೊರತೆ 60,000ಕ್ಕೆ ಇಳಿಯುತ್ತದೆ. ತಿಂಗಳಿಗೆ 20,000 ತೆಗೆದಿರಿಸಿದರೆ ಸಾಕಾಗುತ್ತದೆ. ಬೇಸಿಗೆಯ ಹಣವನ್ನೆಲ್ಲ ಲಾಭವೆಂದು ಬಗೆದವನಿಗೆ ಚಳಿಗಾಲ ಕಷ್ಟದ್ದಾಗುತ್ತದೆ.

ಉದ್ಯಮ್ ನೋಂದಣಿ ಉಚಿತ. ನೋಂದಾಯಿತ ಅತಿಸಣ್ಣ ಉದ್ದಿಮೆಯು ಸಲ್ಲಿಸಿದ ಸೇವೆಗೆ ಕೊಳ್ಳುವವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು 2006ರ ಅಧಿನಿಯಮ ವಿಧಿಸಿದೆ. ಈ ಷರತ್ತನ್ನು ಒಪ್ಪಂದದಲ್ಲಿಯೇ ಬರೆಸುವುದು ಜಾಣತನ.

ತಂಡದ ಕ್ಷೇಮ

ಕೆಲಸವಿಲ್ಲದ ದಿನಗಳು ಕಲಿಕೆಯ ದಿನಗಳಾಗಬೇಕು. ಹಗ್ಗದ ಗಂಟುಗಳು, ಪೂರ್ಣದೇಹದ ಸುರಕ್ಷಾ ಕವಚದ ಬಳಕೆ, ಮರದ ಮೇಲೆ ಗಾಯಗೊಂಡವನನ್ನು ಕೆಳಗಿಳಿಸುವ ವಿಧಾನ, ಪ್ರಥಮ ಚಿಕಿತ್ಸೆ ಇವುಗಳನ್ನು ತಗ್ಗಿನ ಕೊಂಬೆಗಳಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿಸಬೇಕು. ದಪ್ಪ ಕೊಂಬೆಯನ್ನು ಮೊದಲು ಕೆಳಗಿನಿಂದ, ನಂತರ ಸ್ವಲ್ಪ ಮುಂದೆ ಮೇಲಿನಿಂದ ಕತ್ತರಿಸಿ ಭಾರ ಇಳಿಸಿ, ಕೊನೆಗೆ ಬುಡದ ಉಬ್ಬಿನ ಹೊರಗೆ ನಯವಾಗಿ ಕತ್ತರಿಸುವ ಮೂರು ಹಂತದ ಕ್ರಮವನ್ನು ಎಲ್ಲರೂ ರೂಢಿಸಿಕೊಳ್ಳಲಿ. ಸವೆದ ಹಗ್ಗವನ್ನು ಕತ್ತರಿಸಿ ಎಸೆಯಬೇಕು. ಉಳಿಸಿಟ್ಟರೆ ಅವಸರದ ದಿನ ಅದೇ ಕೈಗೆ ಬರುತ್ತದೆ. ವಿದ್ಯುತ್ ತಂತಿಯ ಸಮೀಪದ ಕೆಲಸವನ್ನು ಪೂರೈಕೆ ಸ್ಥಗಿತವಾಗಿರುವುದು ಖಚಿತವಾಗದೆ ಆರಂಭಿಸಬಾರದು. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದೊಳಗಿನ ಬ್ಯಾಂಕ್ ಖಾತೆದಾರರಿಗೆ ವರ್ಷಕ್ಕೆ 20 ರೂಪಾಯಿ ಕಂತಿಗೆ 2 ಲಕ್ಷ ರೂಪಾಯಿಯವರೆಗೆ ಅಪಘಾತ ವಿಮೆ ದೊರೆಯುತ್ತದೆ. ತಂಡದ ಪ್ರತಿಯೊಬ್ಬರನ್ನೂ ಇದಕ್ಕೆ ಸೇರಿಸುವುದು ಉದ್ಯಮಿಯ ಮೊದಲ ಕರ್ತವ್ಯ.

ಮರವು ಚಳಿಗಾಲದಲ್ಲಿ ಸುಮ್ಮನಿರುವಂತೆ ಕಂಡರೂ ಬೇಸಿಗೆಯ ಚಿಗುರಿಗೆ ಬೇಕಾದುದನ್ನು ಒಳಗೇ ಕೂಡಿಟ್ಟುಕೊಳ್ಳುತ್ತಿರುತ್ತದೆ. ಮರವನ್ನು ನಂಬಿದ ಉದ್ದಿಮೆಗೂ ಅದೇ ಕ್ರಮ ಹೊಂದುತ್ತದೆ. ನವೆಂಬರಿನಲ್ಲಿ ಒಂದು ಆವರಣದ ಮರಗಳನ್ನು ಎಣಿಸಿ, ತಟ್ಟಿ ನೋಡಿ, ಪ್ರಾಮಾಣಿಕವಾಗಿ ಬರೆದುಕೊಟ್ಟವನು ಮೇ ತಿಂಗಳಲ್ಲಿ ನುರಿತ ತಂಡದೊಡನೆ ಅದೇ ಮರಗಳ ಕೆಳಗೆ ನಿಂತಿರುತ್ತಾನೆ. ಜೂನಿನ ಮೊದಲ ಬಿರುಗಾಳಿಯಲ್ಲಿ ಆ ಮರಗಳ ಕೆಳಗೆ ನಡೆದುಹೋಗುವವರು ಆತನ ಹೆಸರನ್ನು ಅರಿಯದಿರಬಹುದು. ಅವರು ಕ್ಷೇಮವಾಗಿ ಮನೆ ಸೇರಿದರೆ ಚಳಿಗಾಲದ ಆ ಕೆಲಸ ಸಾರ್ಥಕ.